ನಕ್ಷೆಯಲ್ಲಿ 3400 ಮೀಟರ್, ಪರದೆಯಲ್ಲಿ 400: ಸುಳ್ಳು ತಳದ ದೋಷ ಹುಡುಕುವುದು ಹೇಗೆ?

ದೂರು ಹೆಚ್ಚುಕಮ್ಮಿ ಯಾವಾಗಲೂ ಒಂದೇ ಥರ ಇರುತ್ತದೆ. ನಕ್ಷೆ ಪ್ರಕಾರ ಆಳ 3400 ಮೀಟರ್. ಶಬ್ದ ಬಿಟ್ಟು ಅದರ ಮಾರ್ದನಿಯಿಂದ ಆಳ ಅಳೆಯುವ ಎಕೋ ಸೌಂಡರ್ 400 ತೋರಿಸುತ್ತಿದೆ. ಪರದೆಯ ಮೇಲೆ ದಪ್ಪನೆಯ ಪಟ್ಟಿ, ಅದರ ಕೆಳಗೆ ಏನೂ ಇಲ್ಲ. ಆಳದ ಅಂಕಿ ಆ ಪಟ್ಟಿಗೇ ಅಂಟಿಕೊಂಡು ಕೂತಿದೆ. ಸ್ವಲ್ಪ ಹೊತ್ತಿಗೆ ಒಬ್ಬರು ಕೇಬಲ್ ಸಡಿಲಾಗಿರಬೇಕು ಅನ್ನುತ್ತಾರೆ, ಇನ್ನೊಬ್ಬರು ಟ್ರಾನ್ಸ್‌ಡ್ಯೂಸರ್ (ನೀರಿಗೆ ಶಬ್ದ ಬಿಟ್ಟು ಮಾರ್ದನಿ ಕೇಳುವ ಭಾಗ) ಹೋಯ್ತು ಅನ್ನುತ್ತಾರೆ.

ನನಗೂ ಮೊದಲ ಸಲ ಹೀಗೇ ಆಗಿತ್ತು. ಇಡೀ ಮಧ್ಯಾಹ್ನ ಜಂಕ್ಷನ್ ಬಾಕ್ಸ್ ಬಿಚ್ಚಿದೆ, ಕನೆಕ್ಟರ್ ಒರೆಸಿದೆ, ಮತ್ತೆ ಜೋಡಿಸಿದೆ. ಸಂಜೆಯಾಗುತ್ತಿದ್ದ ಹಾಗೆ ಆ ‘ತಳ’ ಮೆಲ್ಲಗೆ ಮೇಲಕ್ಕೆ ಹೊರಟಿತು. ಕತ್ತಲಾಗುವ ಹೊತ್ತಿಗೆ 60 ಮೀಟರಿಗೆ ಬಂದು ನಿಂತಿತ್ತು. ಹಡಗಿನ ಕೆಳಗೆ ಸಮುದ್ರದ ತಳ ಎದ್ದು ಬರುವುದಿಲ್ಲವಲ್ಲ! ನಾನು ಬಿಚ್ಚಿ ಒರೆಸಿದ ಕನೆಕ್ಟರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅದು ಮೀನು.

ಆಳ ಸಮುದ್ರದಲ್ಲಿ ಹಗಲು ಹೊತ್ತು 300ರಿಂದ 500 ಮೀಟರ್ ಆಸುಪಾಸಿನಲ್ಲಿ ಸಣ್ಣ ಮೀನು ಮತ್ತಿತರ ಜೀವಿಗಳ ಪದರವೊಂದು ಇರುತ್ತದೆ. ಅದು ಶಬ್ದವನ್ನು ಚದುರಿಸುತ್ತದೆ. ಚದುರಿದ್ದರಲ್ಲಿ ಒಂದು ಪಾಲು ನಿಮ್ಮ ಟ್ರಾನ್ಸ್‌ಡ್ಯೂಸರಿಗೆ ವಾಪಸ್ ಬರುತ್ತದೆ. ಯಂತ್ರ ಅದನ್ನೇ ತಳ ಅಂದುಕೊಳ್ಳುತ್ತದೆ. ಇಷ್ಟು ಗೊತ್ತಿದ್ದ ಮೇಲೆ ಜನ ಇನ್ನೊಂದು ತಪ್ಪು ಮಾಡುತ್ತಾರೆ: ಎಲ್ಲ ಪಟ್ಟಿಯನ್ನೂ ಮೀನಿನ ಮೇಲೆ ಹಾಕಿಬಿಡುತ್ತಾರೆ. ಮೀನಿನ ಪದರದ ಹಾಗೇ ಕಾಣುವ ಬೇರೆ ಮೂರು ನಾಲ್ಕು ಸಂಗತಿಗಳಿವೆ. ಅವುಗಳಲ್ಲಿ ಕೆಲವು ನಿಜವಾದ ದೋಷಗಳೇ.

ಇದು ಎರಡು ಸಮಸ್ಯೆ, ಒಂದಲ್ಲ

ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುವ ಮೊದಲು ಇದನ್ನು ಬಿಡಿಸಿಕೊಳ್ಳಿ. 400 ಮೀಟರಿನಲ್ಲಿ ಪಟ್ಟಿ ಯಾಕೆ ಕಾಣುತ್ತಿದೆ ಅನ್ನುವುದು ಒಂದು ಪ್ರಶ್ನೆ. 3400 ಮೀಟರಿನ ತಳ ಯಾಕೆ ಕಾಣುತ್ತಿಲ್ಲ ಅನ್ನುವುದು ಬೇರೆಯೇ ಪ್ರಶ್ನೆ. ಪಟ್ಟಿ ಅಡ್ಡ ಬಂದದ್ದರಿಂದ ತಳ ಮರೆಯಾಯಿತು ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗಲ್ಲ. ಮೀನಿನ ಪದರ ಗೋಡೆಯೇನಲ್ಲ. ಶಬ್ದದ ಬಹುಪಾಲು ಅದರ ಮೂಲಕ ಸುಮ್ನೆ ಹಾದುಹೋಗುತ್ತದೆ.

ಪರದೆಯಲ್ಲಿ ಗಟ್ಟಿಯಾಗಿ ಕಂಡರೂ ಆ ಪದರ ಬಹಳ ತೆಳು. ಸಾಮಾನ್ಯವಾಗಿ ಒಂದು ಘನ ಮೀಟರ್ ನೀರಿಗೆ ಒಂದು ಮೀನೂ ಇರುವುದಿಲ್ಲ. ಹಾಗಿದ್ದರೆ ಅಷ್ಟು ದಪ್ಪ ಯಾಕೆ ಕಾಣುತ್ತದೆ? ಲೆಕ್ಕ ಹಾಕಿ ನೋಡಿ. 7 ಡಿಗ್ರಿ ಅಗಲದ ಕಿರಣ 400 ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಸುಮಾರು 49 ಮೀಟರ್ ಅಗಲ ಆಗಿರುತ್ತದೆ. ಯಂತ್ರ ಒಂದು ಸಲ ಬಿಡುವ ಶಬ್ದಕ್ಕೆ ಪಿಂಗ್ ಅನ್ನುತ್ತಾರೆ. ಒಂದು ಮಿಲಿಸೆಕೆಂಡಿನ ಪಿಂಗ್ ಅಂದರೆ ಆಳದಲ್ಲಿ 0.75 ಮೀಟರ್ ದಪ್ಪ. ಎರಡನ್ನೂ ಸೇರಿಸಿದರೆ ಯಂತ್ರ ಒಂದೊಂದು ಸಲಕ್ಕೆ 1400 ಘನ ಮೀಟರ್ ನೀರಿನ ಸದ್ದನ್ನು ಒಟ್ಟಿಗೆ ಕೇಳುತ್ತದೆ. ನೂರು ಘನ ಮೀಟರಿಗೆ ಒಂದೇ ಮೀನು ಇದ್ದರೂ ಹದಿನಾಲ್ಕು ಮೀನುಗಳ ಮಾರ್ದನಿ ಒಂದರ ಮೇಲೊಂದು ಬೀಳುತ್ತದೆ. ಒಂದೊಂದೇ ಮೀನು ಬೇರೆ ಬೇರೆ ಚುಕ್ಕೆಯಾಗಿ ಕಾಣುವುದಿಲ್ಲ. ಪಟ್ಟಿ ಕಾಣುತ್ತದೆ.

ಹಾಗಾಗಿ ತಳ ಕಾಣದೇ ಇದ್ದರೆ ಕಾರಣವನ್ನು ಕಂಪನಾಂಕ, ಶಕ್ತಿ, ರೇಂಜ್, ಪಿಂಗ್ ಅಂತರ ಇವುಗಳಲ್ಲಿ ಹುಡುಕಬೇಕು. ಸಣ್ಣ ದೋಣಿಗಳಲ್ಲಿ ಸಾಮಾನ್ಯವಾಗಿರುವ 50 ಮತ್ತು 200 ಕಿಲೋಹರ್ಟ್ಸ್ ಸೌಂಡರಿಗೆ 3400 ಮೀಟರ್ ತಲುಪುವ ತಾಕತ್ತೇ ಇರುವುದಿಲ್ಲ. ಅದು ಕೆಟ್ಟಿಲ್ಲ. ತಳ ಸಿಗಲಿಲ್ಲ, ಸಿಕ್ಕಿದ್ದನ್ನು ಹಿಡಿದುಕೊಂಡಿತು, ಅಷ್ಟೇ.

ಮೊದಲು ಬರೆದಿಟ್ಟುಕೊಳ್ಳಿ

ಗಂಟೆ, ಜಾಗ, ಕಂಪನಾಂಕ, ಪಿಂಗ್ ಅಂತರ, ರೇಂಜ್, ಪಲ್ಸ್ ಉದ್ದ (ಒಂದು ಪಿಂಗ್ ಎಷ್ಟು ಹೊತ್ತಿನದು), ಗೇನ್ (ಬಂದ ಮಾರ್ದನಿಯನ್ನು ಯಂತ್ರ ಎಷ್ಟು ಹೆಚ್ಚಿಸುತ್ತದೆ). ಪರದೆಯ ಒಂದು ಚಿತ್ರವನ್ನೂ ಉಳಿಸಿ. ಗಾಬರಿಯಲ್ಲಿ ನಾಲ್ಕು ಗುಂಡಿ ಒತ್ತಿದ ಮೇಲೆ ಮೊದಲು ಏನಿತ್ತು ಅಂತ ಯಾರಿಗೂ ನೆನಪಿರುವುದಿಲ್ಲ.

ಪಿಂಗ್ ಅಂತರ ಬದಲಿಸಿ ನೋಡಿ

ಒಂದೇ ಪರೀಕ್ಷೆ ಮಾಡಲು ಸಮಯ ಇದೆ ಅಂದರೆ ಇದನ್ನು ಮಾಡಿ. ಅರ್ಧ ನಿಮಿಷದ ಕೆಲಸ.

ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಎರಡು ಸೆಕೆಂಡಿಗೊಂದು ಪಿಂಗ್ ಬಿಟ್ಟರೆ, ಹೋಗಿ ಬರುವುದು ಸೇರಿ, 1500 ಮೀಟರ್ ಆಳದವರೆಗಿನ ಮಾರ್ದನಿ ಮಾತ್ರ ಮುಂದಿನ ಪಿಂಗಿಗೆ ಮೊದಲು ಬಂದು ಮುಟ್ಟುತ್ತದೆ. ತಳ 3400 ಮೀಟರಿನಲ್ಲಿದ್ದರೆ ಅದರ ಮಾರ್ದನಿ ಇನ್ನೂ ಎರಡು ಪಿಂಗ್ ಹೊರಟ ಮೇಲೆ ಬರುತ್ತದೆ. ಪಾಪ, ಯಂತ್ರಕ್ಕೆ ಅದು ಯಾವ ಪಿಂಗಿನದು ಅಂತ ಗೊತ್ತಿಲ್ಲ. ಕೊನೆಯ ಪಿಂಗಿನ ಲೆಕ್ಕಕ್ಕೆ ಹಾಕುತ್ತದೆ. 3400ರಲ್ಲಿ 3000 ಕಳೆದರೆ 400. ಪರದೆಯಲ್ಲಿ 400 ಮೀಟರಿಗೆ ಒಂದು ಗೆರೆ ಬಂತು. ನಿಜವಾದ ತಳವೇ, ಆದರೆ ತಪ್ಪು ಜಾಗದಲ್ಲಿ.

ಈಗ ಅಂತರವನ್ನು 2.2 ಸೆಕೆಂಡ್ ಮಾಡಿ. ಪ್ರತಿ ಪಿಂಗಿನ ವ್ಯಾಪ್ತಿ 1650 ಮೀಟರ್ ಆಯಿತು. ಹಳೇ ಪಿಂಗಿನ ಮಾರ್ದನಿಯಾಗಿದ್ದರೆ ಪಟ್ಟಿ 400ರಿಂದ 100ಕ್ಕೆ ಹಾರುತ್ತದೆ. ಮೀನಿನ ಪದರವಾಗಿದ್ದರೆ ಕದಲುವುದಿಲ್ಲ. ಪಿಂಗ್ ಎಷ್ಟು ಹೊತ್ತಿಗೊಮ್ಮೆ ಬಿಟ್ಟರೂ 400 ಮೀಟರಿನ ಮೀನು 400 ಮೀಟರಿನಲ್ಲೇ ಇರುತ್ತದೆ.

ಗೆರೆಯ ರೂಪ ನೋಡಿಯೂ ಸ್ವಲ್ಪ ಮಟ್ಟಿಗೆ ಹೇಳಬಹುದು. ಹಳೇ ಪಿಂಗಿನ ತಳಕ್ಕೆ ಮೇಲಂಚು ಚೂಪಾಗಿರುತ್ತದೆ, ನೆಲದ ಏರಿಳಿತ ಅದರಲ್ಲಿ ಕಾಣುತ್ತದೆ. ಜೀವಂತ ಪದರದ ಎರಡೂ ಅಂಚು ಮಸುಕು. ಆದರೆ ಕಣ್ಣನ್ನೇ ನಂಬಬೇಡಿ. ಸೌಂಡರು ಆಳಕ್ಕೆ ತಕ್ಕಂತೆ ಗೇನ್ ಏರಿಸುತ್ತಾ ಹೋಗುತ್ತದೆ. 3400 ಮೀಟರಿನಿಂದ ಬಂದ ಮಾರ್ದನಿಗೆ 400 ಮೀಟರಿನ ಗೇನ್ ಮಾತ್ರ ಸಿಗುತ್ತದೆ. ಅದರಿಂದ ಗಟ್ಟಿ ತಳವೂ ಮಂಕಾಗಿ, ಥೇಟ್ ಮೀನಿನ ಪದರದ ಥರ ಕಾಣಬಹುದು. ಈ ಕಾರಣಕ್ಕೇ ನಾನು ಅಂತರ ಬದಲಿಸದೆ ಯಾವ ಪಟ್ಟಿಗೂ ಹೆಸರಿಡುವುದಿಲ್ಲ.

ಪಿಂಗ್ ನಿಲ್ಲಿಸಿ ಕೇಳಿ

ಮುಂದಿನದು ಇನ್ನೂ ಸುಲಭ. ಟ್ರಾನ್ಸ್‌ಮಿಟರ್ ಆಫ್ ಮಾಡಿ, ಕೇಳುವುದನ್ನು ಮಾತ್ರ ಚಾಲೂ ಇಡಿ. ಇದಕ್ಕೆ ಪ್ಯಾಸಿವ್ ಮೋಡ್ ಅನ್ನುತ್ತಾರೆ. ಕೂಗೇ ಹಾಕದಿದ್ದರೆ ಮಾರ್ದನಿ ಬರಬಾರದು. ಆದರೂ ಪಟ್ಟಿ ಉಳಿದಿದೆ ಅಂದರೆ ಅದು ಗದ್ದಲ: ಪ್ರೊಪೆಲ್ಲರ್, ಜನರೇಟರ್, ಗ್ರೌಂಡಿಂಗ್ ಸರಿಯಿಲ್ಲದ ಪವರ್ ಸಪ್ಲೈ, ಅಥವಾ ಅದೇ ಹಡಗಿನ ಇನ್ನೊಂದು ಸೋನಾರ್. ಆಳದ ಜೊತೆ ಗೇನ್ ಏರುವುದರಿಂದ ಗದ್ದಲವೂ ಆಳಕ್ಕೆ ಹೋದ ಹಾಗೆ ದಪ್ಪವಾಗುತ್ತಾ ಕಾಣುತ್ತದೆ. ಪರದೆಯ ಕೆಳಭಾಗ ಪೂರ್ತಿ ತುಂಬಿಕೊಂಡಿದ್ದು, ಮೇಲಂಚು ಮಾತ್ರ ಇದ್ದು ಕೆಳಂಚೇ ಇಲ್ಲದಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಎಂಜಿನ್ ವೇಗ ಇಳಿಸಿದಾಗ ಪಟ್ಟಿ ತೆಳ್ಳಗಾದರೆ ಪ್ರೊಪೆಲ್ಲರ್. ಓರೆಯಾಗಿ ಸಾಲುಸಾಲು ಗೀಟು ಬೀಳುತ್ತಿದ್ದರೆ ಪಕ್ಕದ ಸೋನಾರ್. ಎರಡನ್ನೂ ಒಂದೇ ತಾಳಕ್ಕೆ ಕಟ್ಟಿದರೆ ಹೋಗುತ್ತದೆ.

ಕಂಪನಾಂಕ ಬದಲಿಸುವುದು: ಇಲ್ಲಿ ಮೋಸಹೋಗುವವರೇ ಜಾಸ್ತಿ

ಮೇಲಿನ ಎರಡೂ ಪರೀಕ್ಷೆ ದಾಟಿ ಪಟ್ಟಿ ಉಳಿಯಿತು ಅನ್ನಿ. ನೀರಿನಲ್ಲಿ ಏನೋ ಇದೆ ಅಂತಾಯಿತು. ಆಗ ಎಲ್ಲರೂ 38 ಕಿಲೋಹರ್ಟ್ಸ್‌ನಿಂದ 200 ಕಿಲೋಹರ್ಟ್ಸ್‌ಗೆ ಬದಲಿಸುತ್ತಾರೆ. ಪಟ್ಟಿ ಮಾಯವಾಗುತ್ತದೆ. ‘ನೋಡಿ, 38ರ ಚಾನೆಲ್ಲೇ ಕೆಟ್ಟಿದೆ’ ಅಂತ ತೀರ್ಮಾನ ಆಗಿಬಿಡುತ್ತದೆ.

ಈ ತೀರ್ಮಾನಕ್ಕೆ ಆಧಾರವೇ ಇಲ್ಲ. ಸಮುದ್ರದ ನೀರು 38 ಕಿಲೋಹರ್ಟ್ಸ್ ಶಬ್ದವನ್ನು ಕಿಲೋಮೀಟರಿಗೆ ಸುಮಾರು 10 ಡೆಸಿಬೆಲ್ ಹೀರುತ್ತದೆ. 200 ಕಿಲೋಹರ್ಟ್ಸ್ ಆದರೆ 50, ಬೆಚ್ಚಗಿನ ನೀರಿನಲ್ಲಿ ಅದಕ್ಕೂ ಜಾಸ್ತಿ. 400 ಮೀಟರ್ ಹೋಗಿ ಬರುವಷ್ಟರಲ್ಲಿ ಒಂದು 8 ಡೆಸಿಬೆಲ್ ಕಳೆದುಕೊಂಡರೆ ಇನ್ನೊಂದು 40 ಕಳೆದುಕೊಳ್ಳುತ್ತದೆ. ಮೀನಿನಂಥ ಬಡ ಮಾರ್ದನಿ ಅಷ್ಟು ದೂರದಿಂದ ವಾಪಸ್ ಬರುವುದೇ ಇಲ್ಲ. ಹಾಗಾಗಿ ಹೋಲಿಸುವುದಿದ್ದರೆ 18 ಮತ್ತು 38ನ್ನು ಹೋಲಿಸಿ. ಎರಡೂ ಅಲ್ಲಿಯವರೆಗೆ ಆರಾಮಾಗಿ ತಲುಪುತ್ತವೆ.

ಎರಡರಲ್ಲೂ ಪಟ್ಟಿ ಕಂಡರೂ ಒಂದರಲ್ಲಿ ಗಾಢ, ಇನ್ನೊಂದರಲ್ಲಿ ಮಂಕು ಇರಬಹುದು. ಇದೂ ದೋಷವಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಈ ವಿಷಯದಲ್ಲಿ ನನಗೆ ಅತೀ ಇಷ್ಟವಾದ ಭಾಗ ಇದು.

ಮೀನಿನ ಮಾಂಸ ಹೆಚ್ಚುಕಮ್ಮಿ ನೀರೇ. ಸಾಂದ್ರತೆಯೂ ಹತ್ತಿರ, ಅದರೊಳಗೆ ಶಬ್ದ ಓಡುವ ವೇಗವೂ ಹತ್ತಿರ. ಶಬ್ದಕ್ಕೆ ಅದು ಅಷ್ಟಾಗಿ ‘ಕಾಣಿಸುವುದೇ’ ಇಲ್ಲ. ಕಾಣುವುದು ಹೊಟ್ಟೆಯೊಳಗಿನ ಗಾಳಿಚೀಲ. ತೇಲುವ ಹದ ಕಾಯ್ದುಕೊಳ್ಳಲು ಮೀನು ಅದರಲ್ಲಿ ಅನಿಲ ತುಂಬಿಟ್ಟುಕೊಂಡಿರುತ್ತದೆ. ಗಾಳಿಚೀಲ ಇರುವ ಮೀನಿನಿಂದ ಬರುವ ಮಾರ್ದನಿಯ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಅದೊಂದರದ್ದೇ.

ಅದರ ಮೇಲೆ ಆ ಚೀಲ ಒಂದು ಗುಳ್ಳೆ. ಗುಳ್ಳೆಗೆ ತನ್ನದೇ ಆದ ಮಿಡಿತ ಇರುತ್ತದೆ. ಒಳಗಿನ ಅನಿಲ ಸ್ಪ್ರಿಂಗಿನಂತೆ, ಸುತ್ತಲಿನ ನೀರು ಆ ಸ್ಪ್ರಿಂಗಿಗೆ ಕಟ್ಟಿದ ಭಾರದಂತೆ. ನೀವು ಬಿಟ್ಟ ಕಂಪನಾಂಕ ಅದರ ಮಿಡಿತಕ್ಕೆ ಹೊಂದಿಬಿಟ್ಟರೆ, ತನ್ನ ಗಾತ್ರಕ್ಕೆ ಮೀರಿ ಎಷ್ಟೋ ಪಟ್ಟು ಜೋರಾಗಿ ಶಬ್ದ ಚದುರಿಸುತ್ತದೆ. ನೀರಿನ ಮೇಲ್ಮೈ ಹತ್ತಿರ ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸುಮಾರು 3.3 ಕಿಲೋಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಗುಳ್ಳೆ ದೊಡ್ಡದಾದರೆ ಮಿಡಿತ ಇಳಿಯುತ್ತದೆ, ಒತ್ತಡ ಏರಿದರೆ ಮಿಡಿತವೂ ಏರುತ್ತದೆ. 400 ಮೀಟರಿನಲ್ಲಿ ಒತ್ತಡ 41 ಪಟ್ಟು. ಅಲ್ಲಿ 1.2 ಮಿಲಿಮೀಟರ್ ತ್ರಿಜ್ಯದ ಗುಳ್ಳೆ 17 ಕಿಲೋಹರ್ಟ್ಸ್ ಹತ್ತಿರ ಮಿಡಿಯುತ್ತದೆ. ನಿಮ್ಮ 18ರ ಚಾನೆಲ್ ಅದನ್ನು ತಟ್ಟಿ ಎಬ್ಬಿಸಿದ ಹಾಗೆ. 38ರಲ್ಲಿ ಅದೇ ಮೀನು ಮಂಕು. ನಿಜವಾದ ಮೀನಿನ ಚೀಲ ಗುಂಡಗಿರುವುದಿಲ್ಲ, ಸುತ್ತ ಮಾಂಸವೂ ಬಿಗಿದಿರುತ್ತದೆ. ಹಾಗಾಗಿ ಅಂಕಿ ಆ ಕಡೆ ಈ ಕಡೆ ಜರುಗುತ್ತದೆ. ದಿಕ್ಕು ಮಾತ್ರ ಇದೇ.

ಇದರಿಂದ ಇನ್ನೊಂದು ಗೊಂದಲವೂ ಬಿಡಿಸಿಕೊಳ್ಳುತ್ತದೆ. ಅದೇ ಮೀನು ರಾತ್ರಿ 50 ಮೀಟರಿಗೆ ಬಂದಿತು ಅನ್ನಿ. ಚೀಲದ ಗಾತ್ರವನ್ನು ಹಾಗೇ ಕಾಯ್ದುಕೊಂಡರೂ ಮಿಡಿತ 7 ಕಿಲೋಹರ್ಟ್ಸ್ ಒಳಗೆ ಇಳಿಯುತ್ತದೆ. ಒತ್ತಡ ಇಳಿದ ಹಾಗೆ ಚೀಲ ಉಬ್ಬಿದರೆ ಇನ್ನೂ ಕೆಳಗೆ, ಮೂರೂವರೆ ಆಸುಪಾಸು. 18ರ ಚಾನೆಲ್ಲಿನಲ್ಲಿ ಪದರ ತೆಳ್ಳಗಾದ ಹಾಗೆ ಕಾಣುತ್ತದೆ. ‘ಸಂಜೆಯಾದ ಮೇಲೆ ಸೌಂಡರ್ ವೀಕ್ ಆಗ್ತಿದೆ’ ಅನ್ನುವ ದೂರು ಬಂದರೆ ಆಂಪ್ಲಿಫೈಯರ್ ಬಿಚ್ಚುವ ಮೊದಲು ಇದನ್ನು ನೆನಪಿಸಿಕೊಳ್ಳಿ. ಮೀನು ಕಡಿಮೆಯಾಗಿಲ್ಲ, ಶ್ರುತಿ ಬದಲಾಗಿದೆ.

ಸೂರ್ಯ ಮುಳುಗುವವರೆಗೆ ಕಾಯಿರಿ

ಹಗಲು ಕೆಳಗೆ, ರಾತ್ರಿ ಮೇಲೆ. ಕತ್ತಲಾದಾಗ ಮೇಲೆ ಬಂದು ಹೊಟ್ಟೆ ತುಂಬಿಸಿಕೊಳ್ಳುವುದು, ಬೆಳಕು ಹರಿಯುವ ಮೊದಲು ಬೇಟೆಯಾಡುವವರ ಕಣ್ಣಿಗೆ ಬೀಳದಂತೆ ಕೆಳಗಿಳಿಯುವುದು. ಒಂದೆರಡು ಗಂಟೆಯಲ್ಲಿ ಕೆಲವು ನೂರು ಮೀಟರ್ ಹತ್ತುತ್ತವೆ. ಬೆರಳುದ್ದದ ಮೀನಿಗೆ ಅದು ಸಣ್ಣ ದಾರಿಯಲ್ಲ. ಪಟ್ಟಿ ಮುಸ್ಸಂಜೆಗೆ ಮೇಲೆ ಹೊರಟು ಬೆಳಗಿನ ಜಾವ ಇಳಿದರೆ ಕೇಸ್ ಮುಗಿಯಿತು. ಸೂರ್ಯನ ಟೈಮ್ ನೋಡಿಕೊಂಡು ಕೆಡುವ ಕೇಬಲನ್ನು ನಾನಂತೂ ಇನ್ನೂ ಕಂಡಿಲ್ಲ.

ಮೊದಲು ಈ ಗುಟ್ಟು ಬಿಡಿಸಿದವರೂ ಹೀಗೆ ಕಾದೇ ಬಿಡಿಸಿದ್ದು. 1942ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಕಡಲಾಚೆ ಯುಎಸ್‌ಎಸ್ ಜಾಸ್ಪರ್ ಹಡಗಿನಲ್ಲಿ ಐರಿಂಗ್, ಕ್ರಿಸ್ಟೆನ್ಸನ್, ರೈಟ್ ಎಂಬ ಮೂವರು ಸಬ್‌ಮರೀನ್ ಹುಡುಕುವ ಶಬ್ದದ ಪ್ರಯೋಗ ನಡೆಸುತ್ತಿದ್ದರು. ನಡು ನೀರಿನಿಂದ ಯಾವುದೋ ಮಾರ್ದನಿ ಬಿಡದೆ ಬರುತ್ತಿತ್ತು. ಮೂವರ ಹೆಸರಿನ ಇಂಗ್ಲಿಷ್ ಮೊದಲಕ್ಷರ (E, C, R) ಸೇರಿಸಿ ಅದಕ್ಕೆ ಇಸಿಆರ್ ಪದರ ಅಂತ ಹೆಸರು ಬಿತ್ತು. 1945ರಲ್ಲಿ ಸ್ಕ್ರಿಪ್ಸ್ ಸಂಸ್ಥೆಯ ಜೀವವಿಜ್ಞಾನಿ ಮಾರ್ಟಿನ್ ಜಾನ್ಸನ್ ಹಗಲೂ ರಾತ್ರಿ ಅದರ ಜಾಡು ಹಿಡಿದು, ಅದು ಏರಿಳಿಯುವುದನ್ನು ತೋರಿಸಿದರು. ಏರಿಳಿಯುವುದಾದರೆ ಜೀವಿಗಳೇ ಇರಬೇಕು ಅಲ್ವಾ? ಅಷ್ಟು ಗೊತ್ತಾದರೂ ಇಂಥ ಸುಳ್ಳು ತಳಗಳನ್ನು ನಿಜವಾದ ದಿಬ್ಬ ಅಂದುಕೊಂಡು ವರದಿ ಮಾಡಿದ ಹಡಗುಗಳಿದ್ದವು. ಅವು ನಾವಿಕ ನಕ್ಷೆಗಳಿಗೂ ಏರಿದವು, ಪಕ್ಕದಲ್ಲಿ ‘ಇರುವುದು ಅನುಮಾನ’ ಅನ್ನುವ ಗುರುತಿನೊಂದಿಗೆ. ನೀವು ಒಂದು ಮಧ್ಯಾಹ್ನ ಕಳೆದುಕೊಂಡಿದ್ದರೆ ಬೇಜಾರು ಬೇಡ.

ಈ ಪರೀಕ್ಷೆಯನ್ನು ಉಲ್ಟಾ ಬಳಸಬಾರದು. ಪಟ್ಟಿ ಏರಲಿಲ್ಲ ಅಂದ ಮಾತ್ರಕ್ಕೆ ಅದು ಮೀನಲ್ಲ ಅಂತಲ್ಲ. ಕೆಲವು ಪದರಗಳು ದಿನವಿಡೀ ಇದ್ದಲ್ಲೇ ಇರುತ್ತವೆ. ಒಂದೇ ಪದರದಲ್ಲಿ ಅರ್ಧ ಮೇಲೆ ಹೋಗಿ ಅರ್ಧ ಕೆಳಗೇ ಉಳಿಯುವುದೂ ಮಾಮೂಲಿ. ಹುಣ್ಣಿಮೆ ಬೆಳಕಿದ್ದರೆ ಪೂರ್ತಿ ಮೇಲೆ ಬರದೆ ನಿಲ್ಲಬಹುದು. ಸೂರ್ಯಗ್ರಹಣದ ಹೊತ್ತಿನಲ್ಲಿ ನಡು ಹಗಲೇ ಮೇಲೆ ಹೊರಟದ್ದೂ ದಾಖಲಾಗಿದೆ.

ಪದರದಲ್ಲಿ ಇರುವುದು ಯಾರು?

ದೋಷ ಹುಡುಕುವವನಿಗೆ ಇದು ಯಾಕೆ ಬೇಕು ಅನ್ನಬಹುದು. ಮಾರ್ದನಿಯ ಜೋರು ನೋಡಿ ಮೀನಿನ ಲೆಕ್ಕ ಕೊಡಬೇಕಾದವರಿಗೆ ಬೇಕಾಗುತ್ತದೆ. ಲ್ಯಾಂಟರ್ನ್ ಮೀನುಗಳು ಈ ಪದರದ ಮುಖ್ಯ ಸದಸ್ಯರು. ಅವುಗಳಲ್ಲೇ ಕೆಲವಕ್ಕೆ ಗಾಳಿ ತುಂಬಿದ ಚೀಲ, ಕೆಲವಕ್ಕೆ ಬೆಳೆದ ಮೇಲೆ ಚೀಲದಲ್ಲಿ ಗಾಳಿ ಹೋಗಿ ಕೊಬ್ಬು ತುಂಬುತ್ತದೆ. ಕೊಬ್ಬು ತುಂಬಿದ ಮೀನು ಸೌಂಡರಿಗೆ ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಇನ್ನೊಂದು ಕಡೆ ಸೈಫನೋಫೋರ್ ಎಂಬ, ಲೋಳೆಮೀನಿನ ನೆಂಟ. ಮೈಯೆಲ್ಲ ನೀರು ನೀರು. ಆದರೆ ಕೆಲವು ಜಾತಿಗಳಿಗೆ ತುದಿಯಲ್ಲೊಂದು ಅನಿಲದ ಗುಳ್ಳೆ ಇದೆ. ಅಷ್ಟು ಸಾಕು, ಮೀನಿನಷ್ಟೇ ಜೋರಾಗಿ ಶಬ್ದ ಚದುರಿಸುತ್ತದೆ. 1963ರಲ್ಲಿ ಎರಿಕ್ ಬರ್ಹಮ್ ಟ್ರಿಯೆಸ್ಟ್ ಎಂಬ ಮುಳುಗು ನೌಕೆಯಿಂದ ಕಣ್ಣಾರೆ ನೋಡಿದ್ದನ್ನು ಬರೆದಾಗ ಈ ಸೈಫನೋಫೋರುಗಳ ಕಡೆಗೇ ಬೆರಳು ತೋರಿಸಿದ್ದರು.

ಅಂದರೆ ಜೋರು ಮಾರ್ದನಿ ಅಂದರೆ ಜಾಸ್ತಿ ಮೀನು ಅಲ್ಲ, ಮಂಕು ಮಾರ್ದನಿ ಅಂದರೆ ಕಡಿಮೆ ಮೀನೂ ಅಲ್ಲ. ನಡು ಆಳದ ಮೀನುಗಳ ಒಟ್ಟು ತೂಕ ನೂರು ಕೋಟಿ ಟನ್ ಇರಬಹುದು ಅಂತ ಹಳೆಯ ಅಂದಾಜಿತ್ತು. 2010ರಲ್ಲಿ ಹೊರಟ ಮಲಾಸ್ಪಿನಾ ಸಮುದ್ರಯಾನದ ಶಬ್ದ ದಾಖಲೆಗಳನ್ನು ಆಧರಿಸಿ 2014ರಲ್ಲಿ ಬಂದ ಲೆಕ್ಕ, ಅದು ಹತ್ತು ಪಟ್ಟು ಇರಬಹುದು ಅಂದಿತು. ಬಲೆಗೆ ಸಿಗದೆ ತಪ್ಪಿಸಿಕೊಳ್ಳುವ ಮೀನು ಶಬ್ದಕ್ಕೆ ಸಿಗುತ್ತದೆ, ಸರಿ. ಆದರೆ ಆ ಶಬ್ದದಲ್ಲಿ ಸೈಫನೋಫೋರಿನ ಪಾಲೆಷ್ಟು ಅನ್ನುವುದರ ಮೇಲೆ ಉತ್ತರ ಬಹಳ ಬದಲಾಗುತ್ತದೆ. ಒಂದೇ ಕಂಪನಾಂಕ ಇಟ್ಟುಕೊಂಡು ಟನ್ ಲೆಕ್ಕ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನವೇ.

ಸರಿ, ನಿಜವಾದ ತಳ ಸಿಗಬೇಕಲ್ಲ

ಗೇನ್ ಇಳಿಸಬೇಡಿ. ಎಲ್ಲರೂ ಮೊದಲು ಮಾಡುವುದು ಅದನ್ನೇ. ಪಟ್ಟಿ ಹೋಗುತ್ತದೆ, ಜೊತೆಗೆ ತಳವೂ ಹೋಗುತ್ತದೆ.

ತಳ ಹುಡುಕುವ ಕನಿಷ್ಠ ಆಳವನ್ನು ಪದರಕ್ಕಿಂತ ಕೆಳಗಿಡಿ, ಉದಾಹರಣೆಗೆ 1000 ಮೀಟರ್. ಅದರ ಮೇಲೆ ಏನೇ ಕಂಡರೂ ಯಂತ್ರ ತಳ ಅನ್ನುವುದಿಲ್ಲ. ನಕ್ಷೆ ನೋಡಿ, ಹಡಗು ದಿಬ್ಬದ ಕಡೆ ಹೋಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಇದನ್ನು ಮಾಡಬೇಕು. ದಡ ಹತ್ತಿರವಾದಾಗ ತೆಗೆಯಲು ಮರೆಯಬಾರದು. ಪಿಂಗ್ ಅಂತರವನ್ನು 5 ಸೆಕೆಂಡ್ ಮಾಡಿ. 3400 ಮೀಟರ್ ಹೋಗಿ ಬರಲು ನಾಲ್ಕೂವರೆ ಸೆಕೆಂಡ್ ಬೇಕು. ಪಲ್ಸ್ ಉದ್ದ ಹೆಚ್ಚಿಸಿ, ಇರುವುದರಲ್ಲಿ ಕಡಿಮೆ ಕಂಪನಾಂಕ ಆರಿಸಿ. 12 ಕಿಲೋಹರ್ಟ್ಸ್ ಇದ್ದರೆ ಅದೇ. ಕಿಲೋಮೀಟರಿಗೆ ಒಂದು ಡೆಸಿಬೆಲ್ ಆಸುಪಾಸು ಮಾತ್ರ ಕಳೆಯುತ್ತದೆ. ಅದರಲ್ಲಿ ಮೀನಿನ ಪದರ ಇನ್ನೂ ಗಾಢವಾಗಿ ಕಾಣಬಹುದು, ಹೆದರಬೇಡಿ. ಅದರ ಕೆಳಗೆ ತಳವೂ ಕಾಣುತ್ತದೆ.

ಇವು ಕಂಡರೆ ಮಾತ್ರ ಬಿಚ್ಚಿ

ಪಟ್ಟಿ ಎಲ್ಲಿ ಹೋದರೂ, ಯಾವ ಹೊತ್ತಿನಲ್ಲೂ, 80 ಮೀಟರ್ ನೀರಿನಲ್ಲೂ, ಒಂದೇ ಆಳದಲ್ಲಿ ಇದ್ದರೆ ಅದು ಯಂತ್ರದ್ದೇ. ಕೆಲವು ಪಿಂಗ್ ಪೂರ್ತಿ ಖಾಲಿ ಬಂದು, ಅಲೆ ಜಾಸ್ತಿಯಾದಾಗ ಅದು ಹೆಚ್ಚಾದರೆ ಟ್ರಾನ್ಸ್‌ಡ್ಯೂಸರ್ ಕೆಳಗೆ ಗಾಳಿಗುಳ್ಳೆ ನುಗ್ಗುತ್ತಿದೆ. ವೇಗ ಅಥವಾ ದಿಕ್ಕು ಬದಲಿಸಿ ನೋಡಿ. ಪದರವೂ ಮಂಕು, ತಳವೂ ಮಂಕು, ವಾರದಿಂದ ವಾರಕ್ಕೆ ಇಳಿಯುತ್ತಿದೆ ಅಂದರೆ ಟ್ರಾನ್ಸ್‌ಡ್ಯೂಸರ್ ಮುಖಕ್ಕೆ ಪಾಚಿ, ಚಿಪ್ಪು ಅಂಟಿರಬಹುದು, ಇಲ್ಲವೇ ಒಳಗೆ ನೀರು ಹೊಕ್ಕಿರಬಹುದು. ಅನುಮಾನ ಉಳಿದರೆ ಗೋಳದ ಪರೀಕ್ಷೆ ಮಾಡಿ. 38.1 ಮಿಲಿಮೀಟರ್ ವ್ಯಾಸದ ಟಂಗ್‌ಸ್ಟನ್ ಕಾರ್ಬೈಡ್ ಗೋಳವನ್ನು ತೆಳು ದಾರದಲ್ಲಿ ಕಿರಣದ ನಡುವೆ ತೂಗಿಬಿಡುತ್ತಾರೆ. ಅದರ ಮಾರ್ದನಿ ಎಷ್ಟಿರಬೇಕು ಅಂತ ಮೊದಲೇ ಲೆಕ್ಕ ಇರುತ್ತದೆ. ಅಳತೆ ತಾಳೆಯಾಯಿತು ಅಂದರೆ ಸೌಂಡರಿನ ಮೇಲೆ ಮತ್ತೆ ದೂರಬೇಡಿ.

ನೀರಿನ ಹರಿವು ಅಳೆಯುವ ಡಾಪ್ಲರ್ ಯಂತ್ರ ಇರುವವರಿಗೆ ಒಂದು ಮಾತು. ಮುಸ್ಸಂಜೆಗೆ ನೀರು ಸೆಕೆಂಡಿಗೆ ಕೆಲವು ಸೆಂಟಿಮೀಟರ್ ಮೇಲಕ್ಕೆ ಹರಿಯುತ್ತಿದೆ ಅಂತ ಅದು ತೋರಿಸಿದರೆ, ಸೆನ್ಸರ್ ಓರೆಯಾಗಿದೆ ಅಂತ ಓಡಬೇಡಿ. ಅದು ಅಳೆಯುತ್ತಿರುವುದು ನೀರನ್ನಲ್ಲ, ಮೇಲೆ ಹೊರಟ ಮೀನನ್ನು. ಆ ಒಂದೆರಡು ಗಂಟೆಯ ದಾಖಲೆಗೆ ಗುರುತು ಹಾಕಿ ಬೇರೆ ಇಡಿ.

ಲಾಗ್ ಪುಸ್ತಕದಲ್ಲಿ ‘ಸೌಂಡರ್ ಕೆಟ್ಟಿತ್ತು, ತಾನೇ ಸರಿಯಾಯಿತು’ ಅಂತ ಬರೆಯುವುದು ಮುಂದಿನ ಪಾಳಿಯವರಿಗೆ ತಲೆನೋವು. ನಾನು ಈಗ ಹೀಗೆ ಬರೆಯುತ್ತೇನೆ: ‘14:10, 38 ಕಿಲೋಹರ್ಟ್ಸ್, 380ರಿಂದ 450 ಮೀಟರ್ ಪದರ. ಪಿಂಗ್ ಅಂತರ ಬದಲಿಸಿದರೂ ಕದಲಲಿಲ್ಲ. ಪ್ಯಾಸಿವ್‌ನಲ್ಲಿ ಇಲ್ಲ. 18ರಲ್ಲಿ ಗಾಢ. 18:20ಕ್ಕೆ ಏರಲು ಶುರು. ಕನಿಷ್ಠ ಆಳ 1000ಕ್ಕೆ ಇಟ್ಟಿದೆ, ದಿಬ್ಬದ ಹತ್ತಿರ ತೆಗೆಯಿರಿ.’